ಸುಣ್ಣ ಕುದಿಯುವ ಹೊತ್ತು

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆ ಹೊರಟರೆ ದಾರಿಯಲ್ಲಿ ಸಿಗುವ ಊರು ರಾಜಾನುಕುಂಟೆ. ಡಿಸ್ಟೆಂಪರ್ ಬರುವ ಮುಂಚೆ ಈ ಸೀಮೆಯ ಹಳ್ಳಿಮನೆಗಳಲ್ಲಿ ಹಬ್ಬ ಹತ್ತಿರವಾದರೆ ಸುಣ್ಣ ಅರಳಿಸುವ ಕೆಲಸ ಶುರು. ಡ್ರಮ್ಮಿನ ನೀರಿಗೆ ಬಿದ್ದ ಸುಣ್ಣದ ಕಲ್ಲು ಕ್ಷಣಹೊತ್ತು ಸುಮ್ಮನಿರುತ್ತದೆ. ಆಮೇಲೆ ಬಿರಿಯುತ್ತದೆ, ಬುಸುಗುಡುತ್ತದೆ, ನೀರು ಕೊತಕೊತ ಕುದಿಯುತ್ತದೆ. ಒಲೆಯಿಲ್ಲ, ಬೆಂಕಿಯಿಲ್ಲ. ಹನಿ ಸಿಡಿದರೆ ಕಣ್ಣೇ ಹೋದೀತೆಂದು ಮಕ್ಕಳನ್ನು ದೂರ ನಿಲ್ಲಿಸುತ್ತಿದ್ದರು.

ಒಂದು ಕಿಲೋ ಶುದ್ಧ ಸುಟ್ಟ ಸುಣ್ಣ ಅರಳುವಾಗ ಹೊಮ್ಮುವ ಶಾಖ ಸುಮಾರು 1,150 ಕಿಲೋಜೂಲ್. ಮೂರು ಲೀಟರ್ ತಣ್ಣೀರು ಕುದಿಯಲು ಅಷ್ಟು ಸಾಕು. ಪ್ಯಾರಿಸ್ಸಿನ ವಿಜ್ಞಾನಿಗಳಾದ ಲವಾಸಿಯೆ ಮತ್ತು ಲಾಪ್ಲಾಸ್ 1783ರ ತಮ್ಮ ಪ್ರಬಂಧಕ್ಕಾಗಿ ಇದೇ ಸುಣ್ಣ-ನೀರಿನ ಶಾಖವನ್ನೂ ಅಳೆದಿದ್ದರು. ಶಾಖಕ್ಕೆ ಎಷ್ಟು ಮಂಜುಗಡ್ಡೆ ಕರಗಿತು ಎಂಬುದೇ ಅವರ ಕ್ಯಾಲರಿಮೀಟರಿನ ಲೆಕ್ಕ.

ಹೀಗೆ ಶಾಖ ಹೊಮ್ಮಿಸುವ ಕ್ರಿಯೆಗಳು ಕಾರ್ಖಾನೆಯಲ್ಲಿ ನಡೆಯುವಾಗ ಪಾತ್ರೆ ದೊಡ್ಡದಾದಷ್ಟೂ ಒಳಗಿನ ಶಾಖ ಹೊರಹೋಗುವುದು ಕಷ್ಟ. ಹತ್ತು ಡಿಗ್ರಿ ಏರಿದರೆ ಅನೇಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ವೇಗ ಹೆಚ್ಚಿದಂತೆ ಶಾಖವೂ ಹೆಚ್ಚುತ್ತದೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯ ಟ್ಯಾಂಕಿನಲ್ಲಿದ್ದ ಮೀಥೈಲ್ ಐಸೋಸಯನೇಟಿಗೆ ನೀರು ಸೇರಿ ಕ್ರಿಯೆ ಹೀಗೆಯೇ ಕೈಮೀರಿತು. ವಿಷಾನಿಲ ಸೋರಿ ಸಾವಿರಾರು ಜನ ಸತ್ತರು.

ಇಂಥ ಅಪಾಯವನ್ನು ಮೊದಲೇ ಅರಿಯಲೆಂದು ಅಮೆರಿಕದ ಡೌ ಕೆಮಿಕಲ್ ಕಂಪನಿಯಲ್ಲಿ 1970ರ ದಶಕದಲ್ಲಿ ರೂಪುಗೊಂಡದ್ದು ಆ್ಯಕ್ಸಿಲರೇಟಿಂಗ್ ರೇಟ್ ಕ್ಯಾಲರಿಮೀಟರ್ ಎಂಬ ಎಆರ್‌ಸಿ ಉಪಕರಣ. ಕೆಲವೇ ಗ್ರಾಂ ವಸ್ತುವನ್ನು ಪುಟ್ಟ ಲೋಹದ ಗೋಳದಲ್ಲಿಟ್ಟು, ತುಸು ಬಿಸಿ ಮಾಡಿ, ಕಾದು, ಅದು ತಾನಾಗಿ ಬಿಸಿಯೇರುತ್ತಿದೆಯೇ ಎಂದು ನೋಡುತ್ತದೆ. ಏರಿದರೆ ಸುತ್ತಲ ಗೋಡೆಯನ್ನೂ ಅಷ್ಟೇ ಬಿಸಿಮಾಡಿ ಶಾಖ ಸೋರದಂತೆ ತಡೆಯುತ್ತದೆ. ಯಾವ ಡಿಗ್ರಿಯಲ್ಲಿ ಕ್ರಿಯೆ ಹಿಡಿತ ತಪ್ಪುತ್ತದೆ, ಒತ್ತಡ ಎಷ್ಟೇರುತ್ತದೆ ಎಂಬುದು ರಿಯಾಕ್ಟರ್ ತುಂಬುವ ಮೊದಲೇ ಅಂದಾಜಿಗೆ ಸಿಗುತ್ತದೆ. ಆ ಲೆಕ್ಕ ನೋಡಿಕೊಂಡೇ ಎಷ್ಟೋ ಕಾರ್ಖಾನೆಗಳು ಕಚ್ಚಾವಸ್ತುವನ್ನು ಒಮ್ಮೆಗೇ ಸುರಿಯದೆ ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ. ಸುಣ್ಣದ ಡ್ರಮ್ಮಿನ ಮುಂದೆ ಉದ್ದ ಕೋಲು ಹಿಡಿದು ನಿಂತ ನುರಿತವರೂ ಕಲ್ಲುಗಳನ್ನು ನೀರಿಗೆ ಒಂದೊಂದಾಗಿಯೇ ಹಾಕುತ್ತಿದ್ದರು.