ತ್ರಿಅಕ್ಷ ಹಾಲ್ ಸಂವೇದಕ

ಕಾಂತಕ್ಷೇತ್ರದ ಬಲವನ್ನೂ ದಿಕ್ಕನ್ನೂ ಪರಸ್ಪರ ಲಂಬವಾದ ಮೂರು ಅಕ್ಷಗಳಲ್ಲಿ ಅಳೆಯುವ ಅರೆವಾಹಕ ಚಿಪ್. ಮೊಬೈಲ್ ದಿಕ್ಸೂಚಿ, ಜಾಯ್‌ಸ್ಟಿಕ್ ಮತ್ತು ವಾಹನಗಳ ಗೇರ್ ಲಿವರ್‌ಗಳಲ್ಲಿ ಬಳಕೆಯಲ್ಲಿದೆ.

ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವೇ ಇದಕ್ಕೆ ಆಧಾರ. ತೆಳುವಾದ ಚಿನ್ನದ ಹಾಳೆಯಲ್ಲಿ ವಿದ್ಯುತ್ ಹರಿಸಿ, ಅದಕ್ಕೆ ಲಂಬವಾಗಿ ಕಾಂತಕ್ಷೇತ್ರ ಒಡ್ಡಿದಾಗ ಹಾಳೆಯ ಎದುರುಬದುರು ಅಂಚುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟಿತು. ಈ ಲೋಹ ಪ್ರಯೋಗಕ್ಕೆ ಒದಗಿತೇ ಹೊರತು ಉಪಕರಣಕ್ಕೆ ಒದಗಲಿಲ್ಲ. ಲೋಹದಲ್ಲಿ ಎಲೆಕ್ಟ್ರಾನುಗಳು ಕಿಕ್ಕಿರಿದಿರುವುದರಿಂದ ವೋಲ್ಟೇಜ್ ತೀರಾ ಅಲ್ಪ. 1950ರ ದಶಕದಲ್ಲಿ ಜರ್ಮನಿಯ ಹೈನ್‌ರಿಷ್ ವೆಲ್ಕರ್ ಇಂಡಿಯಂ ಆಂಟಿಮೊನೈಡ್‌ನಂಥ ಅರೆವಾಹಕಗಳನ್ನು ಬೆಳಕಿಗೆ ತಂದ ಮೇಲೆ ಹಾಲ್ ಪರಿಣಾಮ ಬಳಕೆಗೆ ಬಂತು. 1960ರ ದಶಕದ ಕೊನೆಗೆ ಸಿಲಿಕಾನ್ ಹಾಲ್ ಚಿಪ್ ಕೀಲಿಮಣೆಗಳನ್ನು ಸೇರಿತು.

ಚಿಪ್‌ನ ಮೈಮೇಲೆ ಚಪ್ಪಟೆಯಾಗಿ ರಚಿಸಿದ ಹಾಲ್ ಫಲಕಕ್ಕೆ ಲಂಬ ದಿಕ್ಕಿನ ಕ್ಷೇತ್ರವಷ್ಟೇ ಗೊತ್ತಾಗುತ್ತದೆ. ಸಿಂಧನೂರು, ಮಸ್ಕಿ ಸೀಮೆಯಲ್ಲಿ ಭೂಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಅದು ನೆಲದೊಳಕ್ಕೆ ಬಾಗುವುದು ಸುಮಾರು 20 ಡಿಗ್ರಿ ಮಾತ್ರ. ಅಲ್ಲಿ ಮೇಜಿನ ಮೇಲೆ ಮಲಗಿಸಿದ ಫೋನಿನೊಳಗಿನ ಇಂಥ ಫಲಕಕ್ಕೆ ಕ್ಷೇತ್ರದ ಮೂರರಲ್ಲೊಂದು ಪಾಲಷ್ಟೇ ಸಿಗುತ್ತದೆ; ಉತ್ತರ ದಿಕ್ಕು ತೋರಿಸಬೇಕಾದ ಪಾಲು ಪೂರ್ತಿ ತಪ್ಪಿಹೋಗುತ್ತದೆ.

ಈ ಕೊರತೆ ನೀಗಿಸುವ ದಾರಿಯನ್ನು ರಾಡಿವೊಯೆ ಪೊಪೊವಿಚ್ 1984ರಲ್ಲಿ ತೋರಿಸಿದರು. ಅವರ ಲಂಬ ಹಾಲ್ ಸಾಧನದಲ್ಲಿ ವಿದ್ಯುತ್ ಸಿಲಿಕಾನಿನ ಆಳಕ್ಕಿಳಿದು ಮತ್ತೆ ಮೇಲೇರುತ್ತದೆ, ಆದ್ದರಿಂದ ಮೈಗೆ ಸಮಾಂತರವಾದ ಕ್ಷೇತ್ರವೂ ಅಳತೆಗೆ ಸಿಗುತ್ತದೆ. ಚಿಪ್ ಮೇಲೆ ಕಾಂತೀಯ ಲೋಹದ ಬಿಲ್ಲೆಯಿಟ್ಟು, ಸಮಾಂತರ ಕ್ಷೇತ್ರವನ್ನು ಅದರ ಅಂಚಿನಲ್ಲಿ ಲಂಬವಾಗಿ ಬಾಗಿಸುವ ಇನ್ನೊಂದು ವಿಧಾನವೂ ಅನಂತರ ಬಂತು.

ಕ್ಷೇತ್ರವೇ ಇಲ್ಲದಾಗಲೂ ಹಾಲ್ ಫಲಕ ತುಸು ವೋಲ್ಟೇಜ್ ತೋರಿಸುತ್ತದೆ. ವಿದ್ಯುತ್ ಹರಿವಿನ ದಿಕ್ಕನ್ನು ಸರದಿಯಂತೆ ತಿರುಗಿಸಿ ಸರಾಸರಿ ತೆಗೆದರೆ ಈ ದೋಷ ಬಹುಮಟ್ಟಿಗೆ ಅಳಿಯುತ್ತದೆ. ಸುತ್ತಲಿನ ಕಬ್ಬಿಣದ ಪ್ರಭಾವ ಬೇರೆ ಬಗೆಯದು. ಫೋನನ್ನು ಎಲ್ಲ ದಿಕ್ಕಿಗೂ ತಿರುಗಿಸಿದಾಗ ಮೂರು ಅಕ್ಷಗಳ ಅಳತೆಗಳು ಒಂದು ಗೋಳದ ಮೇಲೆ ಬೀಳಬೇಕು. ಫೋನಿನೊಳಗಿನ ಕಾಂತೀಯ ಭಾಗಗಳು ಗೋಳದ ಕೇಂದ್ರವನ್ನು ಸರಿಸುತ್ತವೆ. ಫೋನನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ಆಡಿಸುವುದು ಆ ಕೇಂದ್ರವನ್ನು ಪತ್ತೆ ಮಾಡುವುದಕ್ಕೇ. 2008ರ ಮೊದಲ ಆಂಡ್ರಾಯ್ಡ್ ಫೋನಿನಲ್ಲೇ ದಿಕ್ಸೂಚಿಯಿತ್ತು.

ಕೆಲವೇ ನ್ಯಾನೋಟೆಸ್ಲಾಗಳ ಅಂತರಗ್ರಹ ಕ್ಷೇತ್ರಕ್ಕೆ ಹಾಲ್ ಚಿಪ್ ಸಾಲದು. ಆದಿತ್ಯ-ಎಲ್1 ನೌಕೆಗಾಗಿ ಬೆಂಗಳೂರಿನ ಇಸ್ರೋ ಪ್ರಯೋಗಾಲಯ ಲಿಯೋಸ್ ನಿರ್ಮಿಸಿದ್ದು ಫ್ಲಕ್ಸ್‌ಗೇಟ್ ಎಂಬ ಬೇರೆ ಬಗೆಯ ತ್ರಿಅಕ್ಷ ಕಾಂತಮಾಪಕ. 2024ರ ಜನವರಿ 11ರಂದು ಬಿಚ್ಚಿಕೊಂಡ 6 ಮೀಟರ್ ತೋಳಿನ ಮೇಲೆ, ನೌಕೆಯಿಂದ 3 ಮತ್ತು 6 ಮೀಟರ್ ದೂರದಲ್ಲಿ, ಅದರ ಎರಡು ಸಂವೇದಕಗಳಿವೆ.