ಜತಿ ಎಂಬ ಬಾಯಿಲೆಕ್ಕ

ತಾಳದ ಎಣಿಕೆಗೆ ಕೂಡುವಂತೆ ಹೆಣೆದ, ನಿಘಂಟಿನ ಅರ್ಥವಿಲ್ಲದ ಅಕ್ಷರಗಳ ಕಟ್ಟೇ ಜತಿ. ಒಂದೊಂದು ಉಲಿಗೂ ಸೊಲ್ಲು ಎಂದು ಹೆಸರು. ಮೃದಂಗದ ಪಾಠವನ್ನು ಮೊದಲು ಬಾಯಲ್ಲಿ ಹೇಳಿಸಿ ಆಮೇಲೆ ಕೈಯಲ್ಲಿ ನುಡಿಸುವುದು ವಾಡಿಕೆ. ಅದೇ ಬಾಯಿಪಾಠ ಕಛೇರಿಯ ವೇದಿಕೆ ಏರಿದಾಗ ಕೊನ್ನಕೋಲು.

ಕರ್ನಾಟಕ ಸಂಗೀತದ ತಾಳಶಾಸ್ತ್ರದಲ್ಲಿ ಇದನ್ನೇ ಹೋಲುವ ಇನ್ನೊಂದು ಪದವಿದೆ. ಅದು ಜಾತಿ; ತಾಳದ ಲಘು ಎಂಬ ಅಂಗಕ್ಕೆ ಎಷ್ಟು ಅಕ್ಷರ ಎಂದು ಹೇಳುವ ಮಾತು. ತಿಶ್ರಕ್ಕೆ 3, ಚತುರಶ್ರಕ್ಕೆ 4, ಖಂಡಕ್ಕೆ 5, ಮಿಶ್ರಕ್ಕೆ 7, ಸಂಕೀರ್ಣಕ್ಕೆ 9. ಏಳು ತಾಳಗಳಿಗೆ ಈ ಐದು ಜಾತಿ ಸೇರಿ 35 ತಾಳಗಳಾಗುತ್ತವೆ. ಎಲ್ಲರಿಗೂ ಪರಿಚಿತವಾದ ಆದಿತಾಳ ಚತುರಶ್ರ ಜಾತಿಯ ತ್ರಿಪುಟವೇ: 4, 2, 2, ಒಟ್ಟು 8.

ನೃತ್ಯದವರ ಬಾಯಲ್ಲಿ ಜತಿ ಎಂದರೆ ಲೆಕ್ಕವಲ್ಲ, ಇಡೀ ಸೊಲ್ಲುಕಟ್ಟು. ಭರತನಾಟ್ಯದ ವರ್ಣವೆಂಬ ನೃತ್ಯರಚನೆಯ ಆರಂಭದಲ್ಲಿ ಬರುವ ತ್ರಿಕಾಲ ಜತಿಯನ್ನು ಗಮನಿಸಬೇಕು. ನಟ್ಟುವಾಂಗದವರು ಕೈತಾಳ ತಟ್ಟುತ್ತ ಸೊಲ್ಲುಗಳನ್ನು ಮೊದಲು ವಿಳಂಬದಲ್ಲಿ, ಬಳಿಕ ಅದರ ಇಮ್ಮಡಿ, ಅದರದೂ ಇಮ್ಮಡಿ ವೇಗದಲ್ಲಿ ಹೇಳುತ್ತಾರೆ. ತಾಳ ಮಾತ್ರ ಇದ್ದಲ್ಲೇ ಇರುತ್ತದೆ. ಹೇಳುವ ಬಾಯಿ, ಮೃದಂಗದ ಕೈ, ಕುಣಿಯುವ ಕಾಲು ಮೂರೂ ಒಂದೇ ಪೆಟ್ಟಿಗೆ ಬಂದು ನಿಂತಾಗ ಜತಿ ಗೆದ್ದಿತು. ಈ ಕಲೆಯ ನಿಜವಾದ ಸೊಗಸು ಇರುವುದು ಇಲ್ಲೇ.

ಜತಿ ಕಟ್ಟುವಾಗ ಒಟ್ಟು ಎಣಿಕೆಗಿಂತ ಅದನ್ನು ಒಡೆಯುವ ಬಗೆ ಮುಖ್ಯ. ಏಳನ್ನು ‘ತಕಿಟ ತಕಧಿಮಿ’ ಎಂದರೆ ಮೂರು ಮುಂದು, ನಾಲ್ಕು ಹಿಂದು. ‘ತಕಧಿಮಿ ತಕಿಟ’ ಎಂದರೆ ನಡಿಗೆಯೇ ಬೇರೆ. ಈ ಮೂರು-ನಾಲ್ಕರ ನಡಿಗೆ ಕನ್ನಡ ಕಾವ್ಯಕ್ಕೆ ಹೊಸತಲ್ಲ. ಕುಮಾರವ್ಯಾಸನ ಭಾರತ ಸಾಗುವ ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ ಒಂದರ ಬೆನ್ನಿಗೊಂದು ಬರುತ್ತವೆ. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿ ಐದೈದು ಮಾತ್ರೆಯದು. ಅದಕ್ಕೆ ಖಂಡದ ‘ತಕ ತಕಿಟ’ ಒಪ್ಪುತ್ತದೆ. ಛಂದಸ್ಸಿನ ಪಾಠವನ್ನು ಹಲಗೆಯ ಮೇಲೆ ಲಘು ಗುರು ಹಾಕುವುದಕ್ಕೇ ನಿಲ್ಲಿಸದೆ, ತೊಡೆಯ ಮೇಲೆ ತಾಳ ಹಾಕಿಸಿ ಸೊಲ್ಲು ಹೇಳಿಸಿದರೆ ಷಟ್ಪದಿಗಳ ವ್ಯತ್ಯಾಸ ಮಕ್ಕಳಿಗೆ ಕಿವಿಯಿಂದಲೇ ತಿಳಿಯುತ್ತದೆ. ಕನ್ನಡ ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಮಾಡಿಸಬೇಕು.