ಒಳನಾಡಿನ ಹಡಗು

ನಮ್ಮ ಮಂಡ್ಯ ಸಮುದ್ರವಿಲ್ಲದ ಜಿಲ್ಲೆ. ಮದ್ದೂರಿನಲ್ಲಿ ಕುಳಿತು ಡಚ್ಚರ ಯುದ್ಧನೌಕೆಯೊಂದರ ಪುಟ್ಟ ಮಾದರಿಯನ್ನು ಕಟ್ಟಹೊರಟ ನಿವೃತ್ತ ಕನ್ನಡ ಮೇಷ್ಟ್ರನ್ನು ಕಂಡು ನೆರೆಯವರು ನಕ್ಕಿದ್ದರೆ ಅದು ಅವರ ತಪ್ಪಲ್ಲ.

ನಾನು ಆರಿಸಿಕೊಂಡದ್ದು ‘ಏಳು ಪ್ರಾಂತಗಳು’ ಎಂಬರ್ಥದ ಹೆಸರಿನ ನೌಕೆಯನ್ನು. 1665ರಲ್ಲಿ ರಾಟರ್‌ಡ್ಯಾಮಿನಲ್ಲಿ ಸಿದ್ಧವಾದ ಇದು ಡಚ್ಚರ ಮಹಾನಾವಿಕ ಡಿ ರಾಯ್ಟರನ ನೌಕೆ, 80 ಫಿರಂಗಿಗಳದು. ಉದ್ದ ಸುಮಾರು 46 ಮೀಟರು. ನೂರಕ್ಕೆ ಒಂದರ ಪ್ರಮಾಣದಲ್ಲಿ ನನ್ನದು ಒಂದೂವರೆ ಅಡಿಯಾಯಿತು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರವನ್ನೇ ತರಿಸಿಕೊಂಡೆ.

ಡಚ್ಚರ ಕಡಲಂಚು ಆಳವಿಲ್ಲದ್ದು, ಮರಳುದಿಬ್ಬಗಳಿಂದ ತುಂಬಿದ್ದು. ಆದುದರಿಂದ ಅವರ ನೌಕೆಗಳ ತಳ ಇಂಗ್ಲಿಷರವಕ್ಕಿಂತ ಚಪ್ಪಟೆ. ಹದಿನೇಳನೆಯ ಶತಮಾನದ ಅಲ್ಲಿನ ಬಡಗಿಗಳು ನಕ್ಷೆಗಿಂತ ಬಾಯಿಪಾಠದ ಅಳತೆಯ ಸೂತ್ರಗಳನ್ನೇ ಹೆಚ್ಚಾಗಿ ನಂಬಿದ್ದರು. ನಮ್ಮ ಗಾಡಿ ಕಟ್ಟುವ ಆಚಾರಿಗಳ ವಿದ್ಯೆಯಂತೆ.

ಮಾದರಿ ಮುಗಿದ ದಿನ ಅದನ್ನು ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟೆ. ಅದು ಮೆಲ್ಲನೆ ವಾಲಿ ಮಗುಚಿಕೊಂಡಿತು. ಜೊತೆಗಿದ್ದ ಮಳವಳ್ಳಿಯ ಆಚಾರಿಯೊಬ್ಬರು, “ಮೇಷ್ಟ್ರೇ, ಮೇಲೆ ಹೊರೆ ಜಾಸ್ತಿಯಾಯ್ತು. ಕಬ್ಬಿನ ಗಾಡಿಯೂ ಹೀಗೇ ಮಗುಚೋದು” ಎಂದರು. 1628ರಲ್ಲಿ ಸ್ವೀಡನ್ನಿನ ‘ವಾಸಾ’ ನೌಕೆಗೂ ಇದೇ ಗತಿಯಾಗಿತ್ತು. ಡಚ್ ಶಿಲ್ಪಿಯೊಬ್ಬನ ಕೈಯಲ್ಲಿ ರೂಪುಗೊಂಡ ಅದು ಮೊದಲ ಯಾನದಲ್ಲೇ, ಸ್ಟಾಕ್‌ಹೋಮಿನ ಜನ ನೋಡುತ್ತಿದ್ದಂತೆ ಮುಳುಗಿತು. ಮಾದರಿ ಆಕಾರವನ್ನು ಕಲಿಸುತ್ತದೆ, ಭಾರವನ್ನಲ್ಲ.

ಆಗ ನನಗೆ ನೆನಪಾದದ್ದು ನಮ್ಮ ನೆರೆಯ ಶ್ರೀರಂಗಪಟ್ಟಣ. 1780ರ ಡಿಸೆಂಬರಿನಲ್ಲಿ ಎಡ್ವರ್ಡ್ ಹ್ಯೂಸನ ಇಂಗ್ಲಿಷ್ ನೌಕಾಪಡೆ ಮಂಗಳೂರಿನಲ್ಲಿ ಹೈದರಾಲಿಯ ಹಡಗುಗಳನ್ನು ನಾಶಪಡಿಸಿತು. ಮಗ ಟೀಪು ಆ ಪಾಠವನ್ನು ಮರೆಯಲಿಲ್ಲ. 1796ರಲ್ಲಿ ನೌಕಾಮಂಡಳಿಯೊಂದನ್ನು ರಚಿಸಿ, ಸುಮಾರು 40 ಯುದ್ಧನೌಕೆಗಳ ಯೋಜನೆ ಹೂಡಿದ. ಮಂಗಳೂರು, ಸದಾಶಿವಗಡಗಳ ಕಡೆ ಕಟ್ಟೆಗಳು. ಮರ ಸರ್ಕಾರಿ ಕಾಡುಗಳದು. ಮಾದರಿಯನ್ನು ಮಾತ್ರ ಸುಲ್ತಾನನೇ ಒದಗಿಸುತ್ತಿದ್ದ.

ಹಾಲೆಂಡಿನಲ್ಲೂ ಇಂಥ ರೂಢಿಯಿತ್ತು. ‘ವಿಲಿಯಂ ರೆಕ್ಸ್’ ಎಂಬ 1698ರ ದೊಡ್ಡ ಮಾದರಿ ಮಿಡ್ಲ್‌ಬರ್ಗಿನ ನೌಕಾಮಂಡಳಿಯ ಸಭಾಂಗಣದಲ್ಲಿತ್ತು. ಈಗ ಆಮ್‌ಸ್ಟರ್‌ಡ್ಯಾಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಆ ಸಭೆಯ ಹಿಂದೆ ತಲೆಮಾರುಗಳ ನಾವಿಕರಿದ್ದರು, ಸಾಗರದಾಚೆಯ ವ್ಯಾಪಾರವಿತ್ತು. ಕಾವೇರಿಯ ನಡುಗಡ್ಡೆಯಲ್ಲಿ ಕುಳಿತವನಿಗೆ ಸಿಕ್ಕಿದ್ದು ಮೂರು ವರ್ಷ. 1799ರ ಮೇ 4ರಂದು ಕೋಟೆ ಬಿತ್ತು; ಯೋಜನೆ ಅರ್ಧಕ್ಕೇ ನಿಂತಿತು.

ಸೋತವನ ಕನಸನ್ನು ಹಗುರವಾಗಿ ಕಾಣುವುದು ಸುಲಭ. ಸಮುದ್ರವನ್ನು ಬಿಟ್ಟು ರಾಜ್ಯ ಉಳಿಯದೆಂದು ಒಳನಾಡಿನ ಅರಸನೊಬ್ಬ ಕಂಡುಕೊಂಡದ್ದು ಸಣ್ಣ ಮಾತಲ್ಲ. ಕಂಡದ್ದು ತಡವಾಯಿತು, ಅಷ್ಟೆ.

ನನ್ನ ಹಡಗಿನ ತಳಕ್ಕೆ ಈಗ ಸೀಸದ ಗುಂಡುಗಳನ್ನು ತುಂಬಿದ್ದೇನೆ. ತೊಟ್ಟಿಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಕಡಲನ್ನು ಅದು ಕಂಡಿಲ್ಲ.